ಹೊತ್ತು ಮುಳುಗುವ ಮೊದಲಿನ ವೈಫೈ

ಇಡೀ ಸದಲಗಾದಲ್ಲಿ ನಮ್ಮ ಕಾಕಾನಿಗೆ ಇಬ್ಬರೇ ವೈರಿಗಳು: ಮುಳುಗುವ ಸೂರ್ಯ ಮತ್ತು ನಿದ್ದೆಯಿಂದೆದ್ದ ಲ್ಯಾಪ್‌ಟಾಪ್! ಸೂರ್ಯನನ್ನು ಬೈದು ಉಪಯೋಗವಿಲ್ಲವೆಂದು ಬಲ್ಲ ಅವರು ಎರಡರ ಸಿಟ್ಟನ್ನೂ ನನ್ನ ಮೇಲೆ ತೀರಿಸುತ್ತಿದ್ದರು. ಪಕ್ಕದ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟದ್ದೇ ನನ್ನ ತಪ್ಪು.

ನಾವು ಜೈನರು. ನನ್ನ ನೇಮ ಅಷ್ಟಕ್ಕಷ್ಟೇ. ಆದರೆ ಹೊತ್ತು ಮುಳುಗಿದ ಮೇಲೆ ಕಾಕಾ, ಅವರ ಹೆಂಡತಿ ಕಾಕು ಒಂದು ತುತ್ತೂ ಬಾಯಿಗಿಡರು. ಕಾಕು ಕಾಯಿಲೆಯ ಚಿಕಿತ್ಸೆಗೆಂದು ಮಿರಜಿನ ಮಗಳ ಮನೆ ಸೇರಿದಂದಿನಿಂದ, ಸಂಜೆಯಾದರೆ ವಿಡಿಯೋ ಕಾಲ್: ಇವರು ತಾಟು ಹಿಡಿದು ಲ್ಯಾಪ್‌ಟಾಪ್ ಮುಂದೆ, ಅವರು ಮಗಳ ಮೊಬೈಲ್ ಮುಂದೆ. ಕಾಕು ರೊಟ್ಟಿ ಮುರಿಯದೆ ಕಾಕಾ ಮುರಿದವರಲ್ಲ!

"ಉಂಡಿಯೇನಂತ ಫೋನ್ ಹಚ್ಚಿ ಕೇಳ್ರಿ ಕಾಕಾ, ಸಾಕು," ಎಂದೆ ಒಮ್ಮೆ.

"ಉಂಡೇನಿ ಅಂತಾಳ, ಉಂಡಿರೂದಿಲ್ಲ! ಕಣ್ಣಿಲೆ ನೋಡಬೇಕಲೇ!"

ಆ ಹಳೆಯ ಲ್ಯಾಪ್‌ಟಾಪೋ! ಮುಚ್ಚಿಟ್ಟು ತೆರೆದರೆ ಪರದೆ ಏಳುತ್ತಿತ್ತು, ವೈಫೈ ಏಳುತ್ತಿರಲಿಲ್ಲ. ಕಾಕಾ ಸುಮ್ಮನಿರುವ ಪೈಕಿಯೇ? ವೈಫೈ ಡಬ್ಬಿಯ ಕೋಡುಗಳೆರಡನ್ನೂ ಮಿರಜಿನ ದಿಕ್ಕಿಗೆ ತಿರುಗಿಸಿಟ್ಟರು! ಇನ್ನೊಂದು ಮಧ್ಯಾಹ್ನ ಒಂದೇ ಸಮನೆ ಮೌಸ್ ಅಲ್ಲಾಡಿಸುತ್ತ ಕೂತಿದ್ದರು.

"ಏನ್ ನಡಸೀರಿ?"

"ಇದಕ್ಕ ಮಲಗಾಕ ಬಿಡಬಾರದು!"

ಹತ್ತು ನಿಮಿಷಕ್ಕೆ ಕಾಕಾನ ಗೊರಕೆ ಶುರುವಾಯಿತು. ಲ್ಯಾಪ್‌ಟಾಪೂ ಮಲಗಿತು.

ಪ್ರತಿ ಸಲ ನಾನು ಹೋಗಿ ರಿಸ್ಟಾರ್ಟ್ ಮಾಡಿ ಬರುತ್ತಿದ್ದೆ. ಬ್ಯಾಟರಿ ಉಳಿಸಲೆಂದು ಆ ಯಂತ್ರವೇ ವೈಫೈಯನ್ನು ಆರಿಸುತ್ತಿತ್ತು. ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆದರೆ ಮುಗಿಯಿತು. ನನಗದು ಗೊತ್ತಿತ್ತು. "ನಾಳೆ ಮಾಡತೇನ್ರಿ" ಎನ್ನುತ್ತಲೇ ತಿಂಗಳು ಕಳೆದೆ.

ಒಂದು ಸಂಜೆ ಕಾಕಾನ ಫೋನು ಬಂತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ನನಗೆ ಬೇಸರವೂ ಬಂದಿತ್ತು. ಎತ್ತಲಿಲ್ಲ. ಹೊತ್ತು ಮುಳುಗಿತು. ಅಲ್ಲಿ ಅವರು, ಇಲ್ಲಿ ಇವರು, ಇಬ್ಬರೂ ಉಪವಾಸ ಮಲಗಿದರು. ಮರುದಿನ ಬೆಳಿಗ್ಗೆ ಕಾಕು ತೀರಿಹೋದ ಸುದ್ದಿ ಬಂತು.

ಹದಿನೈದು ದಿನದ ಮೇಲೆ ಒಂದು ಸಂಜೆ ಹೋಗಿ ಆ ಟಿಕ್ ತೆಗೆದೆ. ಎರಡು ನಿಮಿಷದ ಕೆಲಸ. ಕಾಕಾ ಲ್ಯಾಪ್‌ಟಾಪ್ ಮುಚ್ಚಿ, ತೆರೆದು ನೋಡಿದರು. ವೈಫೈ ತಟ್ಟನೆ ಹತ್ತಿತು.

"ಲಗೂನ ಬಂತಲ್ಲೋ," ಎಂದರು.

ನನಗೆ ತಡೆಯಲಾಗಲಿಲ್ಲ. "ಕಾಕಾ, ಅವತ್ತ ನಿಮ್ಮ ಫೋನ್ ನೋಡಿದ್ದೆರಿ. ಬೇಕಂತನ ಎತ್ತಲಿಲ್ಲ."

ಬೈಯುತ್ತಾರೆಂದು ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕಿಟಕಿಯಾಚೆ ಸೂರ್ಯನನ್ನು ನೋಡಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಎರಡು ತಾಟುಗಳಿದ್ದವು.

"ಕೈ ತೊಳಕೋ. ಹೊತ್ತ ಮುಳಗಾಕತ್ತೈತಿ," ಎಂದರು. "ನೀ ಮುರಿ, ಆಮ್ಯಾಲೆ ನಾ ಮುರೀತೇನಿ."