ಕಾಲೇಜಿನ ಖರ್ಚಿಗೆ ಒಂದು ಬೆನ್ನು

ಅಚ್ಚಾದ ಬೆಲೆಯನ್ನು ಲೈಲ್ ಬ್ರೋಕ್‌ಮಯರ್ ತನ್ನ ಜನ್ಮದಲ್ಲಿ ನಂಬಿದವನಲ್ಲ. ನಂಬದಿರಲು ಕಾರಣವಿತ್ತು. ಉತ್ತರ ಮಿಸ್ಸೌರಿಯ ಒಂದು ಸಣ್ಣ ಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ಹಾಸಿಗೆ ಅಂಗಡಿ ಇಟ್ಟಿದ್ದ ಅವನು ಅಂಥ ಬೆಲೆಗಳನ್ನು ಸ್ವಹಸ್ತದಿಂದ ಬರೆದವನು. ಹನ್ನೆರಡು ನೂರು ಡಾಲರಿನ ಹಾಸಿಗೆಯ ಚೀಟಿಯ ಮೇಲೆ ಇಪ್ಪತ್ತನಾಲ್ಕು ನೂರು ಎಂದು ಬರೆಯುವುದು, ಅದಕ್ಕೆ ಕೆಂಪು ಗೆರೆ ಎಳೆಯುವುದು, ಕೆಳಗೆ ಹನ್ನೆರಡು ನೂರು ಎಂದು ಬರೆಯುವುದು. ಅರ್ಧ ದುಡ್ಡು ಉಳಿಯಿತೆಂದು ಗಿರಾಕಿ ಹಿಗ್ಗುತ್ತ ಹೋಗುತ್ತಿದ್ದ. ಲೈಲನೂ ಹಿಗ್ಗುತ್ತಿದ್ದ, ಸ್ವಲ್ಪ ಬೇರೆ ಕಾರಣಕ್ಕೆ.

ಹೀಗಾಗಿ ಮಗಳು ಕೋರಾಳಿಗೆ ಸೀಟು ಸಿಕ್ಕ ಆಸ್ಟಿಯೋಪಥಿ ವೈದ್ಯಕೀಯ ಕಾಲೇಜಿನಿಂದ ಒಂದು ವರ್ಷದ ಖರ್ಚಿನ ಪಟ್ಟಿ ಬಂದಾಗ, ಅಡಿಗೆಮನೆಯ ಮೇಜಿನ ಮೇಲೆ ಅದನ್ನು ಹರವಿಕೊಂಡು ಅವನು ಮೊದಲು ಹುಡುಕಿದ್ದು ಕೆಂಪು ಗೆರೆಯನ್ನು. ಗೆರೆ ಇರಲಿಲ್ಲ. ಕೊನೆಯಲ್ಲಿ ಎಂಬತ್ತೆಂಟು ಸಾವಿರದ ನಾಲ್ಕು ನೂರು ಡಾಲರ್ ಎಂದಿತ್ತು.

"ಇದು ಕೇಳೋ ಬೆಲೆ," ಎಂದ ಲೈಲ್. "ಕೊಡೋ ಬೆಲೆ ಬೇರೆ ಇರುತ್ತೆ."

"ಅಪ್ಪ, ಅದು ಹಾಸಿಗೆ ಅಲ್ಲ," ಎಂದಳು ಕೋರಾ. "ಐವತ್ತು ಸಾವಿರದವರೆಗೂ ಸರ್ಕಾರದ ಸಾಲ ಸಿಗುತ್ತೆ. ಉಳಿದಿದ್ದು ಮನೆಯವ್ರು ಕೊಡ್ತೀವಿ ಅಂತ ಶುಕ್ರವಾರದೊಳಗೆ ಸಹಿ ಹಾಕ್ಬೇಕು. ಇಲ್ದಿದ್ರೆ ಸೀಟು ಮುಂದಿನವ್ರಿಗೆ ಹೋಗುತ್ತೆ."

"ಸಹಿ ಹಾಕು ಲೈಲ್," ಎಂದಳು ಹೆಂಡತಿ ನಡೀನ್. ಅವಳು ಶಾಲಾ ಬಸ್ಸಿನ ಚಾಲಕಿ. ಅರವತ್ತು ಮಕ್ಕಳನ್ನು ಹಿಂದಕ್ಕೆ ತಿರುಗದೆಯೇ ಸುಮ್ಮನಾಗಿಸಬಲ್ಲವಳು, ಗಂಡನೊಬ್ಬ ಅವಳಿಗೆ ಹೆಚ್ಚಲ್ಲ.

ಆದರೆ ಲೈಲ್ ಪೆನ್ಸಿಲ್ ತೆಗೆದ. ಮನೆ ಬಾಡಿಗೆ ಎಂಬ ಸಾಲನ್ನು ಹೊಡೆದುಹಾಕಿದ: ಕಾಲೇಜು ಇಪ್ಪತ್ತೈದು ಮೈಲಿ ದೂರ, ಮನೆಯಿಂದಲೇ ಹೋಗಿಬರಬಹುದು. ಊಟದ ಸಾಲನ್ನೂ ಹೊಡೆದ: ಅದೆಷ್ಟು ತಿನ್ನುತ್ತಾಳೆ, ಹಕ್ಕಿಯಂತೆ. ಆಮೇಲೆ ಪೆನ್ಸಿಲ್ 'ಚಿಕಿತ್ಸೆಯ ಮಡಿಸುವ ಮೇಜು' ಎಂಬಲ್ಲಿ ನಿಂತಿತು.

"ಇದ್ಯಾಕೆ?"

"ನಾವು ಎಲ್ಲಾ ಡಾಕ್ಟ್ರುಗಳ ಹಾಗೇ ಓದ್ತೀವಿ. ಅದರ ಜೊತೆಗೆ ಮೂಳೆ, ಕೀಲು, ಸ್ನಾಯು ಎಲ್ಲಾ ಕೈಯಿಂದ ಮುಟ್ಟಿ ನೋಡಿ ಸರಿಮಾಡೋದನ್ನೂ ಕಲೀಬೇಕು. ಮನೇಲಿ ಯಾರನ್ನಾದ್ರೂ ಮಲಗಿಸಿ ಅಭ್ಯಾಸ ಮಾಡ್ಬೇಕು."

"ಅಂಗಡೀಲಿ ನಲವತ್ತು ಮಂಚ ಇವೆ. ಮಲಗೋಕೆ ನಾನಿದೀನಿ," ಎಂದು ಲೈಲ್ ಆ ಸಾಲನ್ನೂ ಹೊಡೆದ.

"ನಿನ್ನ ಬೆನ್ನು?" ಎಂದಳು ನಡೀನ್.

ಇಲ್ಲಿ ಲೈಲನ ಬೆನ್ನಿನ ವಿಚಾರ ಹೇಳಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಗೋದಾಮಿನಲ್ಲಿ ಒಂದು ಹಾಸಿಗೆ ಎತ್ತುವಾಗ ಅದು ಹಿಡಿದುಕೊಂಡಿತ್ತು. ನೋವು ಅಪ್ಪಟ ನಿಜ, ಮೊದಲ ಆರು ವಾರ. ಅದು ಸರಿಯಾಗಿ ಯಾವ ದಿನ ಬಿಟ್ಟುಹೋಯಿತೆಂದು ಲೈಲ್ ಗುರುತು ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಎರಡು ಸಂಗತಿ ಗಮನಕ್ಕೆ ಬಂದಿದ್ದವು. ಒಂದು, ಗಿರಾಕಿಯ ಮುಂದೆ ನರಳುತ್ತ ಹಾಸಿಗೆಯ ಮೇಲೆ ಒರಗಿ, ನರಳದೆ ಎದ್ದರೆ, ದುಬಾರಿ ಹಾಸಿಗೆ ತಾನಾಗಿ ಬಿಕರಿಯಾಗುತ್ತಿತ್ತು. ಎರಡು, ಚಳಿಗಾಲದಲ್ಲಿ ಮನೆಮುಂದಿನ ಹಿಮವನ್ನು ಸಲಿಕೆಯಿಂದ ತೆಗೆಯುವ ಕೆಲಸ, ಚರ್ಚಿನ ಭೋಜನಕ್ಕೆ ಕುರ್ಚಿ ಹೊರುವ ಕೆಲಸ, ದೂರದ ದಾರಿಯಲ್ಲಿ ಕಾರು ಓಡಿಸುವ ಕೆಲಸ, ಎಲ್ಲವೂ ಸದ್ದಿಲ್ಲದೆ ನಡೀನಳ ಪಾಲಿಗೆ ಹೋಗಿದ್ದವು. ಓಡುತ್ತಿರುವ ಮಾಲನ್ನು ಅಂಗಡಿಯಿಂದ ತೆಗೆದುಹಾಕುವ ವ್ಯಾಪಾರಿ ಎಲ್ಲಿದ್ದಾನೆ?

"ಮಗಳಿಗೋಸ್ಕರ ಬೆನ್ನು ತಡ್ಕೊಳ್ಳುತ್ತೆ," ಎಂದ ಲೈಲ್, ಹುತಾತ್ಮನ ದನಿಯಲ್ಲಿ.

ಗುರುವಾರ ಅವನು ಕಾಲೇಜಿಗೇ ಹೋದ. (ನಡೀನ್ ಕಾರು ಓಡಿಸಿದಳು.) ಶುಲ್ಕ ವಿಭಾಗದಲ್ಲಿದ್ದವರು ಮಿಸೆಸ್ ಪ್ರುಯಿಟ್, ಮೂಗಿನ ತುದಿಯ ಕನ್ನಡಕ, ಮುಂದೊಂದು ಪೆಪ್ಪರಮಿಂಟಿನ ಬಟ್ಟಲು.

"ನಾಲ್ಕೂ ವರ್ಷ ಒಟ್ಟಿಗೇ ತಗೊಂಡ್ರೆ ಎಷ್ಟಕ್ಕೆ ಬಿಡ್ತೀರಿ?" ಎಂದು ಲೈಲ್ ಶುರುಮಾಡಿದ.

"ನಾಲ್ಕರಿಂದ ಗುಣಿಸಿ. ಆಮೇಲೆ ವರ್ಷಾ ವರ್ಷಾ ಸ್ವಲ್ಪ ಸೇರಿಸ್ತಾ ಹೋಗಿ."

"ಗೀರುಗೀರು ಬಿದ್ದಿದ್ದು, ಶೋರೂಮಲ್ಲಿಟ್ಟಿದ್ದು ಏನಾದ್ರೂ ಇದ್ರೂ ನಡೆಯುತ್ತೆ."

"ಇದು ವೈದ್ಯಕೀಯ ಕಾಲೇಜು, ಮಿಸ್ಟರ್ ಬ್ರೋಕ್‌ಮಯರ್. ಇಲ್ಲಿ ಚೌಕಾಸಿ ಇಲ್ಲ."

"ಹಾಸಿಗೆ ಅಂಗಡೀಲೂ ಮೊದ್ಲು ಹಾಗೇ ಹೇಳ್ತೀವಿ."

ಮಿಸೆಸ್ ಪ್ರುಯಿಟ್ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಪೆನ್ಸಿಲಿನ ಗೆರೆಗಳನ್ನು ನೋಡಿದರು. "ಮನೆಯಿಂದ ಓಡಾಡ್ತಾಳಾ? ಹಾಗಾದ್ರೆ ಪೆಟ್ರೋಲು ಸೇರಿಸಿ, ದಿನಾ ಐವತ್ತು ಮೈಲಿ. ಕಂಪ್ಯೂಟರ್ ನಾವು ಹೇಳಿದ್ದೇ ಆಗ್ಬೇಕು, ಅದು ಇದರಲ್ಲಿಲ್ಲ. ಡಾಕ್ಟ್ರ ಲೈಸೆನ್ಸ್ ಪರೀಕ್ಷೆಗೆ ಈಗಿಂದ್ಲೇ ತಯಾರಿ, ಅದಕ್ಕೆ ಬೇರೆ ಚಂದಾ. ಸಾಲ ಕೊಡೋದಕ್ಕೆ ಸರ್ಕಾರ ಶುಲ್ಕ ಹಿಡ್ಕೊಳ್ಳುತ್ತೆ, ಗೊತ್ತಲ್ಲ?" ಎನ್ನುತ್ತ ಒಂದೊಂದನ್ನೇ ಅಂದವಾದ ಅಕ್ಷರದಲ್ಲಿ ಬರೆದರು. ಲೈಲ್ ಹೊರಗೆ ಬರುವಷ್ಟರಲ್ಲಿ ಖರ್ಚು ಐದು ಸಾವಿರ ಏರಿತ್ತು. ಚೌಕಾಸಿ ಮಾಡಿ ಬೆಲೆ ಏರಿಸಿಕೊಂಡು ಬಂದ ವ್ಯಾಪಾರಿ ಆ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು. ಕೈಯಲ್ಲೊಂದು ಪೆಪ್ಪರಮಿಂಟು ಇತ್ತು, ಅದಕ್ಕೆ ದುಡ್ಡು ಕೇಳಿರಲಿಲ್ಲ.

ಅಂತೂ ಸಹಿ ಬಿತ್ತು. ಆಗಸ್ಟಿನಿಂದ ದಿನಾ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಕೋರಾ ಬರುತ್ತಿದ್ದಳು. ಲೈಲ್ ಕಿಟಕಿ ಪಕ್ಕದ ಮಂಚದ ಮೇಲೆ ಬೋರಲು ಮಲಗುತ್ತಿದ್ದ. ಅವಳು ಬೆನ್ನುಮೂಳೆಯ ಮಣಿಗಳನ್ನು ಎಣಿಸುತ್ತ ಒತ್ತುತ್ತಿದ್ದಳು.

"ಇಲ್ಲಿ ನೋವಿದೆಯಾ ಅಪ್ಪ?"

"ಅಯ್ಯೋ, ಅಲ್ಲೇ."

"ಇಲ್ಲಿ?"

"ಅಲ್ಲೂ."

"ಈಗ ನಾನು ಮುಟ್ಟೇ ಇಲ್ಲ."

"ಬರೋ ನೋವಿಗೆ ಮೊದ್ಲೇ ಗೊತ್ತಾಗುತ್ತೆ ಕಣಮ್ಮ."

ಕೋರಾ ಪುಸ್ತಕ ತಿರುವಿದಳು. ಪುಸ್ತಕದಲ್ಲಿ ಅಂಥ ನೋವು ಸಿಗಲಿಲ್ಲ.

ಡಿಸೆಂಬರಿನಲ್ಲಿ ಎರಡನೇ ಕಂತಿನ ಕಾಗದ ಬಂತು. ಆಗ ಲೈಲನ ತಲೆಗೆ ಆ ಉಜ್ವಲ ಉಪಾಯ ಹೊಳೆಯಿತು. ಅವನ ಅಂಗಡಿಯ ಗೋಡೆಯ ಮೇಲೆ ಸಂತುಷ್ಟ ಗಿರಾಕಿಗಳ ಹನ್ನೊಂದು ಪತ್ರಗಳು ತೂಗುತ್ತಿದ್ದವು. ಪ್ರತಿಯೊಂದಕ್ಕೂ ಅವನು ಒಂದು ದಿಂಬು ಕೊಟ್ಟಿದ್ದ. ಒಳ್ಳೆಯ ಪತ್ರಕ್ಕೆ ಎಲ್ಲೆಡೆಯೂ ಒಂದು ಬೆಲೆ ಇರಲೇಬೇಕು. ಅವನು ಯಾರಿಗೂ ಹೇಳದೆ ಕಾಲೇಜಿಗೆ ಬರೆದ: ಇಪ್ಪತ್ತೆರಡು ವರ್ಷದಿಂದ ನನ್ನನ್ನು ಹಿಂಡುತ್ತಿದ್ದ ಬೆನ್ನುನೋವನ್ನು ತಮ್ಮ ಮೊದಲ ವರ್ಷದ ವಿದ್ಯಾರ್ಥಿನಿಯೂ ನನ್ನ ಮಗಳೂ ಆದ ಕೋರಾ ನಾಲ್ಕೇ ತಿಂಗಳಲ್ಲಿ ಸಂಪೂರ್ಣ ಗುಣಪಡಿಸಿದ್ದಾಳೆ, ಈ ಪತ್ರವನ್ನು ತಾವು ಜಾಹೀರಾತಿಗೆ ಧಾರಾಳವಾಗಿ ಬಳಸಿಕೊಳ್ಳಬಹುದು, ಪ್ರತಿಯಾಗಿ ಶುಲ್ಕದಲ್ಲಿ ಐದು ಸಾವಿರ ಇಳಿಸಿದರೆ ಸಾಕು.

ಮನೆಯಲ್ಲಿ ಮಾತ್ರ ಬೆನ್ನು ಮೊದಲಿನಂತೆಯೇ ಕೆಟ್ಟಿತ್ತು. ಆ ವಾರ ಎಂಟು ಅಂಗುಲ ಹಿಮ ಬಿದ್ದಿತ್ತು. ನಡೀನ್ ತೆಗೆದಳು. ಒಂದೇ ಸರಕನ್ನು ಎರಡು ಪೇಟೆಯಲ್ಲಿ ಎರಡು ಬೆಲೆಗೆ ಮಾರುವುದರಲ್ಲಿ ಲೈಲ್ ಎಂದೂ ತಪ್ಪು ಕಂಡವನಲ್ಲ.

ಉತ್ತರ ನಾಲ್ಕನೇ ದಿನವೇ ಬಂತು, ಕೋರಾಳ ಹೆಸರಿಗೆ. ಅವಳು ಅದನ್ನು ಓದಿ ಕುರ್ಚಿಯ ಮೇಲೆ ಕುಳಿತಳು. ಮೊದಲ ವರ್ಷದ ವಿದ್ಯಾರ್ಥಿ, ಮೇಲ್ವಿಚಾರಣೆಗೆ ವೈದ್ಯರಿಲ್ಲದೆ ರೋಗಿಗೆ ಚಿಕಿತ್ಸೆ ಕೊಟ್ಟಿದ್ದರ ಬಗ್ಗೆ ವಿಚಾರಣೆ. ತಪ್ಪು ಸಾಬೀತಾದರೆ ಒಂದು ವರ್ಷ ಹೊರಗೆ, ಕಟ್ಟಿದ ಶುಲ್ಕ ವಾಪಸ್ಸಿಲ್ಲ. ತಂದೆತಾಯಿ ಜೊತೆಗೆ ಬರಬಹುದು.

"ಏನು ಬರೆದೆ ಅಪ್ಪ?"

"ಹೊಗಳಿ ಬರೆದಿದ್ದೆ."

"ನಿಂಗೆ ವಾಸಿಯಾಯ್ತಾ?" ಎಂದಳು ನಡೀನ್, ಒದ್ದೆ ಕೈಗವಸು ಕಳಚುತ್ತ.

"ಪತ್ರದಲ್ಲಿ," ಎಂದ ಲೈಲ್. "ಪತ್ರದಲ್ಲಿ ಮಾತ್ರ."

ವಿಚಾರಣೆಗೆ ಕುಳಿತವರು ಡಾ. ಮಿರಿಯಂ ಹೇಸ್ಟಿ, ಎಪ್ಪತ್ತು ದಾಟಿದ ಸಣಕಲು ಹೆಂಗಸು, ರೈತರಂಥ ದೊಡ್ಡ ಕೈ. ಕೋರಾ ಗೋಡೆಯ ಪಕ್ಕ ನಿಂತಿದ್ದಳು, ಕೈ ಎಲ್ಲಿಡಬೇಕೆಂದು ತಿಳಿಯದೆ. ನಡೀನ್ ಮೂಲೆಯ ಕುರ್ಚಿಯಲ್ಲಿ ಕುಳಿತಳು.

"ಮಿಸ್ಟರ್ ಬ್ರೋಕ್‌ಮಯರ್, ಪತ್ರ ನೀವೇ ಬರೆದಿದ್ದಾ?"

"ನಾನೇ. ಆದ್ರೆ ಸ್ವಲ್ಪ ಮೇಲೆ ಹಾಕಿ ಬರೆದಿದೀನಿ. ವ್ಯಾಪಾರದಲ್ಲಿ ಹಾಕ್ತೀವಿ. ಬೆನ್ನು ಇನ್ನೂ ಹಾಗೇ ಇದೆ ಡಾಕ್ಟ್ರೇ, ಅವಳು ಏನೂ ವಾಸಿ ಮಾಡಿಲ್ಲ."

"ಚಿಕಿತ್ಸೆ ಮಾಡಿ ವಾಸಿ ಆಗ್ಲಿಲ್ಲ ಅಂದ್ರೆ ಇನ್ನೂ ದೊಡ್ಡ ತಪ್ಪು. ಬನ್ನಿ, ಮಲಗಿ. ನೋಡೋಣ."

ಚಿಕಿತ್ಸೆಯ ಮೇಜಿನ ತಲೆಯ ಕಡೆ ಮುಖ ಇಡಲು ಒಂದು ತೂತು ಇತ್ತು. ಲೈಲ್ ಅದರಲ್ಲಿ ಮುಖವಿಟ್ಟು ನೆಲ ನೋಡುತ್ತ ಮಲಗಿದ. ದೊಡ್ಡ ಕೈಗಳು ಕುತ್ತಿಗೆಯಿಂದ ಸೊಂಟದವರೆಗೆ ನಿಧಾನವಾಗಿ ಇಳಿದವು. ಲೈಲ್ ಎರಡು ಕಡೆ ನರಳಿದ. ಕೈಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಎಷ್ಟು ವರ್ಷದ ನೋವು ಅಂದ್ರಿ?"

"ಇಪ್ಪತ್ತೆರಡು."

"ಹೂಂ." ಕೈಗಳು ಮತ್ತೊಮ್ಮೆ ಮೇಲಿನಿಂದ ಇಳಿದವು. "ಐವತ್ತು ವರ್ಷದಿಂದ ಬೆನ್ನು ನೋಡ್ತಿದೀನಿ. ಭಾರ ಎತ್ತಿ ಸವೆದ ಬೆನ್ನು ಹೇಗಿರುತ್ತೆ ಅಂತ ಗೊತ್ತು. ಇದು ಹಾಗಿಲ್ಲ. ಇದನ್ನ ಯಾರೋ ಬಹಳ ಜೋಪಾನವಾಗಿ ಇಟ್ಕೊಂಡಿದಾರೆ."

ಲೈಲ್ ನರಳುವುದನ್ನು ಬಿಟ್ಟ.

"ಈಗ ನಾನು ಎರಡರಲ್ಲಿ ಒಂದು ಬರೀಬೇಕು," ಎಂದರು ಡಾಕ್ಟರು, ಹವಾಮಾನದ ವರದಿ ಓದುವವರಂತೆ. "ಇಲ್ಲಿ ನೋವಿತ್ತು, ನಿಮ್ಮ ಮಗಳು ಮುಟ್ಟಿದ್ಲು ಅಂದ್ರೆ, ಅವಳು ರೋಗಿಗೆ ಚಿಕಿತ್ಸೆ ಮಾಡಿದ ಹಾಗಾಯ್ತು. ನೋವೇ ಇರ್ಲಿಲ್ಲ ಅಂದ್ರೆ, ಆರೋಗ್ಯವಾಗಿರೋ ಬೆನ್ನು ಮುಟ್ಟಿ ಪಾಠ ಕಲಿತ ಹಾಗಾಯ್ತು. ಹಾಗೆ ಮಾಡಿ ಅಂತ ಎಲ್ಲಾ ಮಕ್ಕಳಿಗೂ ನಾವೇ ಹೇಳ್ತೀವಿ. ಯಾವುದು ಬರೀಲಿ?"

ಲೈಲ್ ಕುತ್ತಿಗೆ ಕೊಂಚ ಹೊರಳಿಸಿದ. ತೂತಿನ ಅಂಚಿನಿಂದ ಮೂಲೆಯ ನೆಲ ಕಾಣುತ್ತಿತ್ತು. ಆ ನೆಲದ ಮೇಲೆ ನಡೀನಳ ಬೂಟುಗಳು ಇದ್ದವು, ಬೆಳಗಿನ ಹಿಮ ಇನ್ನೂ ಅವುಗಳಿಂದ ಕರಗಿ ಇಳಿಯುತ್ತಿತ್ತು. ಅವು ಅಲುಗಾಡದೆ ಅವನ ಉತ್ತರಕ್ಕೆ ಕಾಯುತ್ತಿದ್ದವು. ಇನ್ನೊಂದು ಪಕ್ಕಕ್ಕೆ ಹೊರಳಿಸಿದರೆ ಕೋರಾಳ ಬೂಟುಗಳು, ಒಂದರ ಮೇಲೊಂದು ಏರಿ ನಿಂತಿದ್ದವು. ಇಪ್ಪತ್ತೆರಡು ಚಳಿಗಾಲದ ಬಂಡವಾಳ ಒಂದು ಕಡೆ, ಮಗಳು ಒಂದು ಕಡೆ. ಮಧ್ಯದ ಬೆಲೆಯೊಂದು ಇದ್ದೀತೇ ಎಂದು ಲೈಲ್ ಅಷ್ಟು ಹೊತ್ತಿನಲ್ಲೂ ಯೋಚಿಸಿದ. ಇರಲಿಲ್ಲ.

"ಇರ್ಲಿಲ್ಲ," ಎಂದ, ನೆಲಕ್ಕೆ.

"ಸ್ವಲ್ಪ ಗಟ್ಟಿಯಾಗಿ. ದಾಖಲೆಗೆ."

"ನೋವಿರ್ಲಿಲ್ಲ. ಮೊದಲ ಆರು ವಾರ ಬಿಟ್ರೆ."

ಪೆನ್ನು ಓಡುವ ಸದ್ದು ಕೇಳಿಸಿತು. "ಮಿಸ್ ಬ್ರೋಕ್‌ಮಯರ್, ನಿಮ್ಮ ಮೇಲೆ ಆರೋಪ ಏನೂ ಇಲ್ಲ. ನಿಮಗೆ ಮೊದ್ಲೇ ಗೊತ್ತಾಗಿರ್ಬೇಕಲ್ಲ?"

"ಸೆಪ್ಟೆಂಬರಲ್ಲೇ," ಎಂದಳು ಕೋರಾ. "ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ."

"ಕೈ ಚೆನ್ನಾಗಿದೆ. ನಂಬು ಅದನ್ನ."

ಹೊರಗಿನ ಪಡಸಾಲೆಯಲ್ಲಿ ಮಿಸೆಸ್ ಪ್ರುಯಿಟ್ ಎರಡನೇ ಕಂತಿನ ಕಾಗದ ಹಿಡಿದು ನಿಂತಿದ್ದರು. ನಡೀನ್ ಅದನ್ನು ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಸಹಿ ಹಾಕು."

"ಒಂದ್ಸಲ ಓದಿ..."

"ಲೈಲ್."

ಲೈಲ್ ಕಟ್ಟೆಯ ಮೇಲೆ ಬಗ್ಗಿ ಸಹಿ ಹಾಕಿದ. ಮೊತ್ತ ಎಷ್ಟಿತ್ತೆಂದು ಅವನು ನೋಡಲಿಲ್ಲ. ನಡೀನ್ ಅಷ್ಟರಲ್ಲಿ ಫೋನು ಕಿವಿಗಿಟ್ಟುಕೊಂಡು ಕಾರಿನ ಕಡೆ ಹೊರಟಿದ್ದಳು. ದನಿಯಲ್ಲಿ ಸಿಟ್ಟಿನ ಸುಳಿವಿರಲಿಲ್ಲ. ಅದೇ ಲೈಲನಿಗೆ ಹೆಚ್ಚು ಭಯ ಹುಟ್ಟಿಸಿತು.

"ಅಕ್ಕ, ಅಮ್ಮನ ಪಿಯಾನೋ ಮಹಡಿಯಿಂದ ಇಳಿಸೋಕೆ ಆಳು ಹುಡುಕ್ತಿದ್ಯಲ್ಲ, ಹುಡುಕ್ಬೇಡ... ಹೂಂ, ಒಬ್ಬ ಸಿಕ್ಕಿದಾನೆ. ಬಹಳ ಗಟ್ಟಿ ಆಳು, ಈಗ ತಾನೇ ಡಾಕ್ಟ್ರೇ ನೋಡಿ ಬರೆದುಕೊಟ್ರು... ಇಲ್ಲ, ಕೂಲಿ ಏನೂ ಬೇಡ. ಇಪ್ಪತ್ತೆರಡು ವರ್ಷ ಚೆನ್ನಾಗಿ ವಿಶ್ರಾಂತಿ ತಗೊಂಡಿದಾನೆ."