ಶಿರಡಿಗೆ ಹೊರಟ ತೆಂಗಿನಕಾಯಿಗಳು

ಜಯಲತಾ ಟೈಫಾಯಿಡ್ ಬಂದು ಮಲಗಿದಾಗ ಗಂಡ ವಸಂತಕುಮಾರ, ಇವಳು ಎದ್ದು ಕೂತರೆ ಮುಂಬಯಿ ಪಕ್ಕದ ಈ ಡೊಂಬಿವಲಿಯಿಂದ ಶಿರಡಿಗೆ ನಡೆದೇ ಹೋಗುತ್ತೇನೆ ಎಂದು ಹರಕೆ ಹೊತ್ತ. ಮನಸ್ಸಿನಲ್ಲೇ ಹೇಳಿಕೊಳ್ಳಬಹುದಿತ್ತು. ಪುಣ್ಯಾತ್ಮ ಗಟ್ಟಿಯಾಗಿ ಹೇಳಿದ, ಗೋಡೆಗೆ ಗೋಡೆ ಅಂಟಿದ ಮನೆಗಳ ಇಡೀ ಚಾಳಿಗೆ ಕೇಳಿಸಿತು. ಜಯಲತಾ ಎದ್ದು ಕೂತದ್ದಷ್ಟೇ ಅಲ್ಲ, ದೋಸೆಯನ್ನೂ ಹೊಯ್ದಳು. ಅವಳಿಲ್ಲದಿದ್ದರೆ ಏನು ಗತಿ ಎಂದು ಅವನು ನಿಜಕ್ಕೂ ಹೆದರಿದ್ದ. ಆದ್ದರಿಂದ ನಡೆಯಲೇಬೇಕೆಂಬ ಆಸೆ ಅವನಿಗೇ ಇತ್ತು.

ಚಾಳಿನಿಂದ ಶಿರಡಿಗೆ ಹೊರಡುವ ಪದಯಾತ್ರೆಯ ಮುಂದಾಳು ಮೇಲಿನ ಮಾಳಿಗೆಯ ಕುಶಲ. ಅವರವರ ಚೀಲ ಅವರವರ ಬೆನ್ನಿಗೆ ಎಂಬುದು ಅವನ ನಿಯಮ. ಹೊರಡುವ ಬೆಳಿಗ್ಗೆ ಚೀಲ ಹೊತ್ತು ಕಾಂಪೌಂಡಿಗೆ ಒಂದು ಸುತ್ತು ಬರಬೇಕು, ಆಗದವರು ಮನೆಯಲ್ಲೇ ಉಳಿಯಬೇಕು.

ಹಿಂದಿನ ದಿನ ವಸಂತಕುಮಾರ ರಜೆ ಹಾಕಿ, ರೆಕ್ಸಿನ್ ಚೀಲಕ್ಕೆ ಬಟ್ಟೆ, ಟಾರ್ಚು, ಕಾಲುನೋವಿನ ಮುಲಾಮು ತುಂಬಿದ. ಜಿಪ್ ಎಳೆಯುವಷ್ಟರಲ್ಲಿ ಪಕ್ಕದ ಮನೆಯ ನಳಿನಾಕ್ಷಿ ತೆಂಗಿನಕಾಯಿ ಹಿಡಿದು ಬಂದಳು. ಹೋಗಲಾಗದವರು ಹೋಗುವವರ ಕೈಯಲ್ಲಿ ದೇವರಿಗೆ ಕಾಯಿ ಕಳಿಸುವುದು ರೂಢಿ, ಬೇಡವೆನ್ನುವಂತಿಲ್ಲ. ಅವಳ ಹಿಂದೆಯೇ ಎದುರು ಮನೆಯ ಗುರಮ್ಮ ಬಂದಳು. ಕಲ್ಯಾಣ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಮಾಪಣ್ಣನ ಹೆಂಡತಿ. ತನ್ನ ಕಾಯಿ ಬೇರೆಯವರದರ ಜೊತೆ ಬೆರೆಯಬಾರದೆಂದು ಅದರ ಜುಟ್ಟಿಗೆ ಹಸಿರು ದಾರ ಕಟ್ಟಿದ್ದಳು. ಮಧ್ಯಾಹ್ನದೊಳಗೆ ಇಡೀ ಚಾಳು ಬಂದು ಹೋಯಿತು. ಅವನು ಎತ್ತಲು ಹೋದರೆ ಚೀಲ ಇದ್ದಲ್ಲೇ ಇತ್ತು, ಸೊಂಟ ಮಾತ್ರ ಚಳಕ್ ಎಂದಿತು.

ಇನ್ನೇನು ಹರಕೆ ತಪ್ಪಿತು ಎನ್ನುವ ಹೊತ್ತಿಗೆ ಅವನಿಗೆ ಕಲ್ಯಾಣದಾಚೆಯ ಟಿಟ್ವಾಳಾದ ಗಣಪತಿ ನೆನಪಾದ. ಯಾವ ದೇವರಾದರೇನು, ದೇವರು ದೇವರೇ. ಜಯಲತಾಗೂ ಹೇಳದೆ ಕಾಯಿಗಳನ್ನು ಗೋಣಿಗೆ ತುಂಬಿ, ಹಮಾಲನೊಬ್ಬನ ತಲೆಗೆ ಹೊರಿಸಿ ಲೋಕಲ್ ರೈಲು ಹತ್ತಿದ. ಅಲ್ಲಿ ಎಲ್ಲವನ್ನೂ ಒಡೆಸಿ ನಿಟ್ಟುಸಿರು ಬಿಟ್ಟ. ಭಟ್ಟರು ಪ್ರತಿ ಕಾಯಿಯ ಅರ್ಧವನ್ನು ಪ್ರಸಾದವೆಂದು ಮತ್ತೆ ಗೋಣಿಗೇ ಹಾಕಿದರು.

ಪ್ರಸಾದವನ್ನು ಎಸೆಯುವಂತಿಲ್ಲ. ವಾಪಸು ಬರುವ ಗಾಡಿಯಲ್ಲಿ ಕಂಡಕಂಡವರಿಗೆ ಹಂಚಿದ. ಕಲ್ಯಾಣದಲ್ಲಿ ಜನ ನುಗ್ಗಿದ ಮೇಲೆ ಹೋಳುಗಳು ಕೈಯಿಂದ ಕೈಗೆ ದಾಟಿದವು. ಯಾರಿಗೆ ಸಿಕ್ಕಿತೆಂದು ಅವನು ನೋಡಲಿಲ್ಲ. ಡೊಂಬಿವಲಿಯಲ್ಲಿ ಇಳಿದು, ಆರಾಮಾಗಿ ಚಹಾ ಕುಡಿದು, ಖಾಲಿ ಗೋಣಿ ಕಂಕುಳಲ್ಲಿಟ್ಟು ಮನೆಗೆ ಬಂದ.

ಬಾಗಿಲಲ್ಲಿ ಅರ್ಧ ಚಾಳು ನಿಂತಿತ್ತು. ಮಾಪಣ್ಣನ ಕೈಯಲ್ಲಿ ಹಸಿರು ದಾರದ ಹೋಳು.

“ಗಾಡ್ಯಾಗ ಟಿಟ್ವಾಳಾ ಪ್ರಸಾದ ಅಂತ ಕೊಟ್ರು. ದಾರ ನಮ್ಮಾಕಿ ಕಟ್ಟಿದ್ದು,” ಎಂದ ಮಾಪಣ್ಣ. “ಶಿರಡಿಗೆ ಹೋಗೋ ಕಾಯಿ ಅಲ್ಲಿಗಿ ಹ್ಯಾಂಗ ಹೋತ್ರಿ?”

ವಸಂತಕುಮಾರ ಖಾಲಿ ಗೋಣಿಯನ್ನು ಬೆನ್ನ ಹಿಂದೆ ಸರಿಸಿದ. “ಅದು... ಯಾವ ಕೆಲಸಕ್ಕೂ ಮೊದಲ ಪೂಜೆ ಗಣಪತಿಗೆ ಅಲ್ವಾ?” ಎಂದುಬಿಟ್ಟ.

ಎಲ್ಲರೂ ಮುಖ ಮುಖ ನೋಡಿಕೊಂಡರು. ನಳಿನಾಕ್ಷಿಯ ಕಣ್ಣು ತುಂಬಿತು. ನಮಗ್ಯಾರಿಗೂ ಇದು ಹೊಳೆಯಲಿಲ್ಲವಲ್ಲ, ನಮ್ಮೆಲ್ಲರ ಹೆಸರಿನಲ್ಲಿ ತಾವೇ ಹೋಗಿ ಬಂದರಲ್ಲ ಎಂದು ಹೊಗಳಿದಳು. ಮಾಪಣ್ಣ ಕೈಮುಗಿದ. ಬದುಕಿದೆ ಎಂದುಕೊಂಡ ವಸಂತಕುಮಾರ.

ನಳಿನಾಕ್ಷಿ ಕಣ್ಣೊರೆಸಿಕೊಂಡಳು. “ಹಾಗಾದ್ರೆ ಶಿರಡಿಯ ಕಾಯಿ ಬಾಕಿಯೇ ಆಯ್ತಲ್ಲ, ವಸಂತಣ್ಣ.”

ಸಂಜೆಯೊಳಗೆ ಅಂಗಡಿಯಲ್ಲಿ ಕಾಯಿ ಖಾಲಿಯಾಯಿತು. ಇಷ್ಟು ಭಕ್ತಿಯಿಂದ ಮುಟ್ಟಿಸುವವರು ಮತ್ತೆಲ್ಲಿ ಸಿಗುತ್ತಾರೆಂದು ಪಕ್ಕದ ಚಾಳಿನವರೂ ಬಂದರು.

ಬೆಳಿಗ್ಗೆ ಕುಶಲ ಒಬ್ಬೊಬ್ಬರನ್ನೇ ಕಾಂಪೌಂಡು ಸುತ್ತಿಸುತ್ತಿದ್ದ. ವಸಂತಕುಮಾರ ಉಬ್ಬಿದ ಚೀಲದ ಜೊತೆ ಗೋಣಿಯನ್ನೂ ಎಳೆದುಕೊಂಡು ಬಂದು ನಿಂತ. ಕುಶಲ ಅವನನ್ನು ಗೌರವದಿಂದ ನೋಡಿ, ತನ್ನ ಚೀಲದ ಜಿಪ್ ತೆಗೆದು, ಒಂದು ಕಾಯಿಯನ್ನು ಗೋಣಿಯ ಮೇಲಿಟ್ಟ.

“ಅಮ್ಮ ಕೊಟ್ಟದ್ದು. ಇದೂ ನಿಮ್ಮ ಕೈಯಿಂದಲೇ ಹೋಗಲಿ,” ಎಂದು ಹೇಳಿ ಸೀಟಿ ಊದಿದ. “ಹೂಂ, ಎತ್ತಿ. ಒಂದು ಸುತ್ತು ಬನ್ನಿ, ನೋಡುವ.”