ಷಡ್ಡಕನ ಸಿಂಗಾಪುರ, ನನ್ನ ಕಾಲು ಗಂಟೆ

ಒಬ್ಬ ಮಾವನಿಗೆ ಇಬ್ಬರು ಅಳಿಯಂದಿರಿದ್ದರೆ ಇಂಥವು ನಡೆಯದೆ ಇರುವುದಿಲ್ಲ. ನಾನು ಹೊಳಲ್ಕೆರೆಯಲ್ಲಿ ಮೇಷ್ಟ್ರು. ನನ್ನ ಷಡ್ಡಕನಿಗೆ, ಅಂದರೆ ಹೆಂಡತಿಯ ತಂಗಿಯ ಗಂಡನಿಗೆ, ಹಿರಿಯೂರಿನಲ್ಲಿ ಸಿಮೆಂಟ್ ಅಂಗಡಿ. ಬಾಗೂರಿನ ಅತ್ತೆ ಮನೆಯಲ್ಲಿ ಹಿರಿಯಳಿಯ ನಾನು, ಹಾಗಾಗಿ ಮೊದಲ ಎಲೆ ಯಾವತ್ತೂ ನನ್ನದು. ಸಿಮೆಂಟ್ ಕಂಪನಿಯವರು ಷಡ್ಡಕನನ್ನು ಪುಕ್ಕಟೆಯಾಗಿ ಸಿಂಗಾಪುರಕ್ಕೆ ಕರೆದೊಯ್ದರು ನೋಡಿ, ಅಲ್ಲಿಂದ ನನ್ನ ಎಲೆಗೆ ಶನಿ ವಕ್ಕರಿಸಿತು.

ಹತ್ತೂವರೆಯ ಊಟ

ಅವನು ಬಂದ ವಾರವೇ ಎಲ್ಲರೂ ಬಾಗೂರಿನಲ್ಲಿ ಸೇರಿದೆವು. ಬೆಳಿಗ್ಗೆ ಹತ್ತೂವರೆಗೆ ಷಡ್ಡಕ ವಾಚು ನೋಡಿಕೊಂಡು ಹೊಟ್ಟೆ ಸವರಿಕೊಂಡ. ವಾಚಿನ ಮುಳ್ಳನ್ನು ಬೇಕೆಂದೇ ತಿರುಗಿಸಿರಲಿಲ್ಲ.

"ಯಾಕ್ರಿ, ಮೈಯಾಗೆ ಹುಷಾರಿಲ್ವಾ?" ಎಂದರು ಅತ್ತೆ.

"ಏನಿಲ್ಲತ್ತೆ. ಸಿಂಗಾಪುರದಾಗೆ ಒಂದು ಗಂಟೆ ಆತು. ಹೊಟ್ಟೆ ಇನ್ನೂ ಅಲ್ಲೇ ಐತೆ."

"ಅಯ್ಯೋ ಶಿವನೇ!" ಎಂದವರೇ ಅತ್ತೆ ಎಲೆ ಹಾಕಿ, ಬಿಸಿ ಹೋಳಿಗೆ ಬಡಿಸಿ ತುಪ್ಪ ಸುರಿದರು. ನಾನು ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದೆ, ಒಂದಕ್ಷರ ತಲೆಗೆ ಹೋಗಲಿಲ್ಲ. ಹೊಟ್ಟೆ ಉರಿದುಹೋಯಿತು. ಕೊನೆಗೆ ನಮಗೆಲ್ಲ ಒಂದು ಗಂಟೆಗೆ ಎಲೆ ಹಾಕಿದಾಗ ಅವನೂ ಬಂದು ಕೂತ.

"ಆಗ್ಲೇ ಉಂಡ್ಯಲ್ಲಪ್ಪ?" ಎಂದೆ.

"ಅದು ಅಲ್ಲೀದು ಅಣ್ಣ, ಇದು ಇಲ್ಲೀದು."

ರಾಹು ಯಾವ ವಾಚು ನೋಡ್ತಾನೆ?

ಇವನನ್ನು ಹೀಗೇ ಬಿಡಬಾರದೆಂದು ಬೇಸಿಗೆ ರಜದಲ್ಲಿ ಹೆಂಡತಿಯನ್ನು ಕರೆದುಕೊಂಡು ನಮ್ಮೂರಿನ ಟೂರಿನವರ ಜೊತೆ ನೇಪಾಳಕ್ಕೆ ಹೊರಟೆ. "ಅಲ್ಲಿಗೆ ಪಾಸ್‌ಪೋರ್ಟೂ ಬ್ಯಾಡಂತೆ, ಅದೂ ಒಂದು ಫಾರಿನ್ನಾ?" ಎಂದು ಷಡ್ಡಕ ನಕ್ಕ. ಗಡಿ ದಾಟಿದ ಮೇಲೆ ಗೈಡು, ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ ಎಂದ. ಷಡ್ಡಕನಿಗೆ ಎರಡೂವರೆ ಗಂಟೆ, ನನಗೆ ಬರೀ ಕಾಲು ಗಂಟೆ! ದೇವರೂ ಸಿಮೆಂಟಿನವರ ಕಡೆಗೇ.

ಕಾಠ್ಮಂಡುವಿನಲ್ಲಿ ಸೋಮವಾರ ಬೆಳಿಗ್ಗೆ ಏಳೂವರೆಗೆ ಬಸ್ಸು ಹೊರಡಬೇಕಿತ್ತು. "ಏಳೂವರೆಯಿಂದ ರಾಹುಕಾಲ, ನಾನಂತೂ ಹತ್ತಲ್ಲ" ಎಂದು ನನ್ನ ಹೆಂಡತಿ ಕೆಳಗೇ ನಿಂತಳು.

"ನಮ್ಮೂರಾಗೆ ಇನ್ನೂ ಏಳೂಕಾಲು ಕಣವ್ವ, ಬೇಗ ಹತ್ತು" ಎಂದರು ಬಸ್ಸಿನೊಳಗಿದ್ದ ಅಜ್ಜಿ.

"ರಾಹು ನಮ್ಮೂರ ವಾಚು ನೋಡ್ಕೊಂಡು ಬರ್ತಾನಾ?"

ಅರ್ಧ ಜನ ಅಜ್ಜಿಯ ಕಡೆ, ಅರ್ಧ ಜನ ನನ್ನ ಹೆಂಡತಿಯ ಕಡೆ. ವಾದ ಮುಗಿಯುವಷ್ಟರಲ್ಲಿ ಎರಡೂ ವಾಚಿನಲ್ಲಿ ರಾಹುಕಾಲ ಬಂದಿತ್ತು. ಹತ್ತಿ ಕೂತಿದ್ದವರೂ ಇಳಿದರು.

ನನ್ನ ಸರದಿ

ಊರಿಗೆ ಬಂದ ಮೇಲೆ ನಾನೂ ವಾಚನ್ನು ನೇಪಾಳದ ಟೈಮಿಗೇ ಬಿಟ್ಟೆ, ಮುಳ್ಳು ಮುಟ್ಟಲಿಲ್ಲ. ಹಬ್ಬಕ್ಕೆ ಬಾಗೂರಿಗೆ ಹೋದರೆ ಷಡ್ಡಕನೂ ಬಂದಿದ್ದ. ಅಷ್ಟು ಹೊತ್ತಿಗೆ ಅವನ ಸಿಂಗಾಪುರ ಹಳಸಿತ್ತು, ಊಟಕ್ಕೆ ಎಲ್ಲರಂತೆ ಕಾಯಲೇಬೇಕು. ನನ್ನದು ಕಾಲು ಗಂಟೆಯೇ ಇರಲಿ, ಮೊದಲ ಎಲೆ ನನಗೆ ಬಿದ್ದರೆ ಸಾಕಿತ್ತು. ಹನ್ನೆರಡೂ ಮುಕ್ಕಾಲಾಗುತ್ತಲೇ ಅಡುಗೆಮನೆ ಬಾಗಿಲಲ್ಲಿ ನಿಂತು, ಷಡ್ಡಕನಿಗೂ ಕೇಳುವಂತೆ ಹೇಳಿದೆ.

"ಅತ್ತೆ, ನೇಪಾಳದಾಗೆ ಒಂದು ಗಂಟೆ ಆತು. ನನ್ನ ಹೊಟ್ಟೆ ಇನ್ನೂ ಅಲ್ಲೇ ಐತೆ."

ಅತ್ತೆ ನನ್ನ ವಾಚು ನೋಡಿದರು, ಗೋಡೆಯ ಗಡಿಯಾರ ನೋಡಿದರು. ಅದರಲ್ಲೂ ಸರಿಯಾಗಿ ಒಂದು ಗಂಟೆ. ಹೊಸದುರ್ಗದ ಬಸ್ಸು ತಪ್ಪದಿರಲಿ ಎಂದು ಮಾವ ಅದನ್ನು ಮೊದಲಿಂದಲೂ ಕಾಲು ಗಂಟೆ ಮುಂದಿಟ್ಟಿದ್ದರು. ನನಗದು ಮರೆತೇಹೋಗಿತ್ತು.

ಅತ್ತೆ ಎಂದರು: "ಇದಕ್ಕೆ ಅಷ್ಟು ದೂರ ಹೋಗಿದ್ರಾ? ನಾವು ಮದುವೆ ಆದಾಗಿಂದ ನೇಪಾಳದಾಗೇ ಅದೀವಿ. ಕುಂತ್ಕಳ್ರಿ, ಹೋಳಿಗೆ ಇನ್ನೂ ಹಂಚಿನ ಮ್ಯಾಲೈತೆ."